ಬೆರಕೆ ಉಪ್ಪು ನೀರಲ್ಲಿ ಎಷ್ಟು ಕರಗ್ತದೆ, ಯಾವ್ದು ಮೊದ್ಲು ಹರಳಾಗ್ತದೆ: ಮಾಡಿ ನೋಡೋಕೆ ಒಂದು ಗೈಡ್

100 ಗ್ರಾಂ ನೀರಿಗೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಡುಗೆ ಉಪ್ಪು, ಅಂದ್ರೆ ಸೋಡಿಯಂ ಕ್ಲೋರೈಡ್, ಹೆಚ್ಚೂಕಡಿಮೆ 36 ಗ್ರಾಂ ಕರಗ್ತದೆ. ಅದೇ ನೀರಿಗೆ ಪೊಟ್ಯಾಸಿಯಂ ಕ್ಲೋರೈಡ್ ಒಂದನ್ನೇ ಹಾಕಿದ್ರೆ 35.5 ಗ್ರಾಂ. ಹಾಗಾದ್ರೆ ಎರಡನ್ನೂ ಒಟ್ಟಿಗೆ ಹಾಕಿದ್ರೆ ಎಷ್ಟು? ಕೆಲವ್ರು ಎರಡನ್ನೂ ಕೂಡಿಸಿ 71.5 ಅಂತಾರೆ, ಕೆಲವ್ರು ಒಟ್ಟು 36ರ ಮೇಲೆ ಹೋಗೋದೇ ಇಲ್ಲ ಅಂತಾರೆ. ಎರಡೂ ಅಲ್ಲ. ಸೋಡಿಯಂದು ಸುಮಾರು 30, ಪೊಟ್ಯಾಸಿಯಂದು ಸುಮಾರು 16, ಒಟ್ಟು 46 ಗ್ರಾಂ. ಪುಸ್ತಕದ ಹಿಂದೆ ಇರೋ ಸಾಲ್ಯುಬಿಲಿಟಿ ಟೇಬಲ್ ಒಂಟಿ ಉಪ್ಪಿಗೆ ಮಾತ್ರ ಲೆಕ್ಕ, ಇನ್ನೊಂದು ಉಪ್ಪು ನೀರಿಗೆ ಬಿತ್ತು ಅಂದ್ರೆ ಆ ಸಂಖ್ಯೆ ಅಲ್ಲಿಗೇ ಮುಗೀತು, ಅಲ್ಲಿಂದ ಮುಂದೆ ನಿಮ್ಗೆ ಬೇಕಾಗೋದು ಗ್ರಾಫ್.

ಇದು ಬರೀ ಬಿಎಸ್ಸಿ ಸಿಲಬಸ್ ವಿಷ್ಯ ಅಲ್ಲ ನಮ್ಮ ಕಡೆಗೆ. ಗೋಕರ್ಣದ ಹತ್ರ ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಬೇಸಿಗೆ ಪೂರ್ತಿ ನಡೆಯೋದು ಇದೇ, ಶಿರಸಿ ಕಡೆ ಅಡಕೆ ತೋಟಕ್ಕೆ ಹಾಕೋ ಪೊಟ್ಯಾಷ್ ತಯಾರಾಗೋದ್ರ ಹಿಂದೆ ಇರೋದೂ ಇದೇ, ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರು ಬಿಡೋದೂ ಇದೇ. ಮೂರಕ್ಕೂ ಒಂದೇ ಗ್ರಾಫ್ ಓದೋಕೆ ಬಂದ್ರೆ ಸಾಕು ಅನ್ನೋದು ನನ್ನ ನಂಬಿಕೆ, ಅದಕ್ಕೇ ಇದನ್ನ ಮನೇಲಿ ಅಥವಾ ಶಾಲೆ ಲ್ಯಾಬಲ್ಲಿ ಮಾಡಿ ನೋಡೋ ಹಾಗೆ ಹಂತ ಹಂತವಾಗಿ ಬರೀತಿದೀನಿ.

ಏನೇನು ಬೇಕು

0.01 ಗ್ರಾಂ ತನಕ ತೋರ್ಸೋ ಪುಟ್ಟ ಡಿಜಿಟಲ್ ತಕ್ಕಡಿ, ಥರ್ಮಾಮೀಟರ್, ಬಿಗಿ ಮುಚ್ಚಳದ ಗಾಜಿನ ಬಾಟ್ಲಿ ನಾಲ್ಕೈದು, ಫಿಲ್ಟರ್ ಪೇಪರ್, ಡಿಸ್ಟಿಲ್ಡ್ ವಾಟರ್ (ಬ್ಯಾಟ್ರಿಗೆ ಹಾಕೋದೇ ನಡೀತದೆ), ಗ್ರಾಫ್ ಶೀಟ್. ಸಮುದ್ರದ ನೀರಿನ ಭಾಗ ಮಾಡೋರಿಗೆ ಬೋಮೆ ಹೈಡ್ರೋಮೀಟರ್ (ಉಪ್ಪುನೀರು ಎಷ್ಟು ಗಟ್ಟಿ ಅಂತ ಅದ್ರಲ್ಲಿ ತೇಲಿ ತೋರ್ಸೋ ಮೀಟರ್) ಒಂದು ಬೇಕೇ ಬೇಕು, ಅದಿಲ್ದೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗೋದೇ ಇಲ್ಲ. ಅಲ್ಯುಮಿನಿಯಂ ಪಾತ್ರೆ ಬೇಡ, ಉಪ್ಪುನೀರು ಅದನ್ನ ತಿಂದುಬಿಡ್ತದೆ, ಕಬ್ಬಿಣವೂ ಬೇಡ, ತುಕ್ಕು ಬಂದು ಹರಳೆಲ್ಲ ಕೆಂಪಾಗ್ತದೆ. ಗಾಜು, ಪಿಂಗಾಣಿ, ಪ್ಲಾಸ್ಟಿಕ್ ಟ್ರೇ ಒಳ್ಳೇದು.

ಪೊಟ್ಯಾಸಿಯಂ ಕ್ಲೋರೈಡ್ ಲ್ಯಾಬ್ ಸಾಮಾನಿನ ಅಂಗಡೀಲಿ ಶುದ್ಧವಾಗಿ ಸಿಗ್ತದೆ. ಅದಿಲ್ಲ ಅಂದ್ರೆ ಸೊಸೈಟೀಲಿ ಸಿಗೋ ಎಂಓಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್) ಗೊಬ್ಬರ, ಅದೂ ಪೊಟ್ಯಾಸಿಯಂ ಕ್ಲೋರೈಡೇ. ಚೀಲದ ಮೇಲೆ 60 ಪರ್ಸೆಂಟ್ ಅಂತ ಇರೋದು ಪೊಟ್ಯಾಸಿಯಂ ಆಕ್ಸೈಡ್ ಲೆಕ್ಕ, ಪೂರ್ತಿ ಶುದ್ಧ ಇದ್ರೂ ಆ ಲೆಕ್ಕ 63.2 ಅಷ್ಟೇ ಬರೋದು, ಹಾಗಾಗಿ 60 ಅಂದ್ರೆ ಸುಮಾರು 95 ಪರ್ಸೆಂಟ್ ಶುದ್ಧ ಅಂತ ತಿಳ್ಕೊಳ್ಳಿ. ಕೆಂಪು ಬಣ್ಣದ್ದು ಆದ್ರೆ ಬಿಸಿನೀರಲ್ಲಿ ಕರಗ್ಸಿ ಸೋಸಿ, ಆ ಕೆಂಪು ಕಬ್ಬಿಣದ ಆಕ್ಸೈಡ್, ಅದು ಕರಗಲ್ಲ, ಪೇಪರ್ ಮೇಲೆ ಉಳೀತದೆ. ಗೊಬ್ಬರದಿಂದ ಬಂದ ಯಾವ ಹರಳನ್ನೂ ಬಾಯಿಗೆ ಹಾಕ್ಬೇಡಿ, ಕಿಡ್ನಿ ತೊಂದ್ರೆ ಇದ್ದೋರಿಗೆ ಪೊಟ್ಯಾಸಿಯಂ ನಿಜವಾಗ್ಲೂ ಅಪಾಯ, ಮಕ್ಳು ಇರೋ ಮನೆ ಆದ್ರೆ ಬಾಟ್ಲಿಗೆ ಹೆಸ್ರು ಬರೆದು ಅಂಟ್ಸಿ.

ಮೊದ್ಲು ಒಂಟಿ ಉಪ್ಪು

ಒಂದು ಬಾಟ್ಲಿಗೆ 50 ಗ್ರಾಂ ನೀರು, 25 ಗ್ರಾಂ ಅಡುಗೆ ಉಪ್ಪು. ಇನ್ನೊಂದಕ್ಕೆ 50 ಗ್ರಾಂ ನೀರು, 25 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್. ಎರಡರಲ್ಲೂ ತಳದಲ್ಲಿ ಉಪ್ಪು ಉಳೀಬೇಕು, ಉಳೀಲಿಲ್ಲ ಅಂದ್ರೆ ಅದು ಸ್ಯಾಚುರೇಟೆಡ್, ಅಂದ್ರೆ ಇನ್ನು ಕರಗೋಕೆ ಜಾಗ ಇಲ್ಲ, ಅಂತ ಹೇಳೋಕೆ ನಿಮ್ಮ ಹತ್ರ ಸಾಕ್ಷಿ ಇಲ್ಲ. ಬಾಟ್ಲಿಗಳನ್ನ ಒಂದು ದೊಡ್ಡ ಬಕೆಟ್ ನೀರಲ್ಲಿ ಮುಳುಗಿಸಿ ಇಡಿ, ಬಕೆಟ್ ನೀರು ದೊಡ್ಡದು ಇದ್ದಷ್ಟೂ ಟೆಂಪರೇಚರ್ ಅಲ್ಲಾಡಲ್ಲ. ಗಂಟೆಗೊಮ್ಮೆ ಕುಲುಕಿ, ರಾತ್ರಿ ಪೂರ್ತಿ ಬಿಡಿ.

ಇಲ್ಲಿ ಅವಸರ ಮಾಡೋದೇ ಬೇಡ. ಕರಗೋದು ನಿಂತ ಹಾಗೆ ಕಂಡ್ರೂ ನಿಜವಾದ ಸಮತೋಲ ಬಂದಿದ್ಯಾ ಅಂತ ತಿಳಿಯೋಕೆ ಒಂದೇ ದಾರಿ, ಎರಡೂ ಕಡೆಯಿಂದ ಬಂದು ನೋಡೋದು: ಒಂದು ಬಾಟ್ಲಿ ತಣ್ಣೀರಿಂದ ಶುರು ಮಾಡಿ, ಅದೇ ಅಳತೆಯ ಇನ್ನೊಂದನ್ನ ಬಿಸಿ ಮಾಡಿ ಜಾಸ್ತಿ ಕರಗ್ಸಿ ಬಕೆಟ್ಟಿಗೆ ಇಳಿಸಿ. ಒಂದು ಕೆಳಗಿನಿಂದ ಏರ್ತದೆ, ಒಂದು ಮೇಲಿಂದ ಇಳೀತದೆ, ಎರಡೂ ಒಂದೇ ಸಂಖ್ಯೆಗೆ ಬಂದ್ರೆ ಮಾತ್ರ ಅದು ಸಮತೋಲ.

ಬೆಳಗ್ಗೆ ಮೇಲಿನ ತಿಳಿನೀರು ಸುಮಾರು 20 ಗ್ರಾಂ ತೆಗೆದು ತೂಕ ಮಾಡಿ, ನಿಧಾನ ಉರೀಲಿ ಪೂರ್ತಿ ಒಣಗ್ಸಿ, ಮತ್ತೆ ತೂಕ ಮಾಡಿ. ಕೊನೇಲಿ ಉಪ್ಪು ಪಟಪಟ ಸಿಡೀತದೆ, ಅದಕ್ಕೆ ಮೇಲೊಂದು ತಟ್ಟೆ ಓರೆಯಾಗಿ ಮುಚ್ಚಿ, ಸಿಡಿದು ಹೋದ ಹರಳು ಲೆಕ್ಕದಿಂದ ಹೋದ ಹಾಗೇ. ಅಡುಗೆ ಉಪ್ಪಾದ್ರೆ 100 ಗ್ರಾಂ ತಿಳಿಗೆ 26.5 ಗ್ರಾಂ, ಪೊಟ್ಯಾಸಿಯಂದು 26.2ರ ಹತ್ರ ಬರ್ಬೇಕು. ಆದ್ರೆ ಒಂದು ನೆನಪಿರ್ಲಿ, ಕಾರವಾರ ಕುಮಟಾ ಕಡೆ ಏಪ್ರಿಲಲ್ಲಿ ಮನೆಯೊಳಗಿನ ನೀರೇ 30 ಡಿಗ್ರಿ ಇರ್ತದೆ, ಆಗ ಪೊಟ್ಯಾಸಿಯಂ ಕ್ಲೋರೈಡ್ 100 ಗ್ರಾಂ ನೀರಿಗೆ 37ರ ತನಕ ಕರಗ್ತದೆ, ಅಡುಗೆ ಉಪ್ಪು ಮಾತ್ರ 36ರಲ್ಲೇ ಇರ್ತದೆ. ಯಾಕಂದ್ರೆ ಅಡುಗೆ ಉಪ್ಪಿಗೆ ಬಿಸಿಯ ಪರಿವೆಯೇ ಇಲ್ಲ, ಸೊನ್ನೆ ಡಿಗ್ರೀಲಿ 35.7, 100 ಡಿಗ್ರೀಲೂ ಬರೀ 39. ಪೊಟ್ಯಾಸಿಯಂದು ಸೊನ್ನೇಲಿ 28, ನೂರರಲ್ಲಿ 56. ಈ ವ್ಯತ್ಯಾಸಾನ ಗಟ್ಟಿಯಾಗಿ ನೆನಪಿಡಿ, ಮುಂದೆ ಇದ್ರ ಮೇಲೇ ಒಂದು ಇಡೀ ಉದ್ಯಮ ನಿಂತಿದೆ.

ಈಗ ಎರಡೂ ಒಟ್ಟಿಗೆ

ಮೂರನೇ ಬಾಟ್ಲಿಗೆ 50 ಗ್ರಾಂ ನೀರು, 25 ಗ್ರಾಂ ಅಡುಗೆ ಉಪ್ಪು, 20 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್. ಅದೇ ಬಕೆಟ್, ಅದೇ ಕುಲುಕಾಟ. ತಿಳಿನೀರು ಒಣಗ್ಸಿದ್ರೆ ಈ ಸಲ 100 ಗ್ರಾಂಗೆ 31.5ರಿಂದ 32 ಗ್ರಾಂ ಬರ್ತದೆ. 26ರಿಂದ 32ಕ್ಕೆ ಏರಿತು ಅಂದ್ರೆ ನೀರು ಒಟ್ಟಾರೆ ಜಾಸ್ತಿ ಉಪ್ಪು ಹಿಡ್ಕೊಂಡಿದೆ, ಆದ್ರೆ ಒಂದೊಂದೂ ಒಂಟಿಯಾಗಿದ್ದಾಗಿಂತ ಕಡಿಮೆ ಕರಗಿದೆ. ಎರಡು ಉಪ್ಪಿಗೂ ಕ್ಲೋರೈಡ್ ಅಯಾನು ಒಂದೇ, ಒಂದು ಉಪ್ಪು ಬಿಟ್ಟ ಕ್ಲೋರೈಡು ಇನ್ನೊಂದರ ಕರಗುವಿಕೆಯನ್ನ ಹಿಂದಕ್ಕೆ ತಳ್ತದೆ.

ಈಗ ಬಹಳ ಮುಖ್ಯವಾದ ಪರೀಕ್ಷೆ. ಅದೇ ಬಾಟ್ಲಿಗೆ ಇನ್ನೊಂದು ಚಮಚ ಅಡುಗೆ ಉಪ್ಪು ಹಾಕಿ, ದಿನ ಬಿಟ್ಟು ಮತ್ತೆ ಅಳೀರಿ. ಸಂಖ್ಯೆ ಬದಲಾಗಲ್ಲ. ಪೊಟ್ಯಾಸಿಯಂದು ಒಂದು ಚಮಚ ಹಾಕಿ, ಆಗ್ಲೂ ಬದಲಾಗಲ್ಲ. ತಳದಲ್ಲಿ ಎರಡೂ ಹರಳು ಇರೋ ತನಕ, ಟೆಂಪರೇಚರ್ ಅದೇ ಇರೋ ತನಕ, ಮೇಲಿನ ನೀರಿಗೆ ಬೇರೆ ದಾರಿಯೇ ಇಲ್ಲ. ಇದನ್ನೇ ಅಮೆರಿಕದ ವಿಜ್ಞಾನಿ ಗಿಬ್ಸ್ 1870ರ ದಶಕದಲ್ಲಿ ಫೇಸ್ ರೂಲ್ ಅಂತ ಬರೆದಿದ್ದು: ಟೆಂಪರೇಚರು ಪ್ರೆಶರು ಎರಡನ್ನೂ ಕಟ್ಟಿಹಾಕಿದ್ರೆ, ಉಳಿಯೋ ಸ್ವಾತಂತ್ರ್ಯ ಅಂದ್ರೆ ಘಟಕಗಳ ಸಂಖ್ಯೇಲಿ ಫೇಸುಗಳ ಸಂಖ್ಯೆ ಕಳೆದಷ್ಟು. ನಮ್ಮಲ್ಲಿ ಘಟಕ ಮೂರು (ನೀರು, ಎರಡು ಉಪ್ಪು), ಫೇಸು ಮೂರು (ದ್ರಾವಣ, ಎರಡು ಬಗೆ ಹರಳು), ಮೂರರಲ್ಲಿ ಮೂರು ಹೋದ್ರೆ ಸೊನ್ನೆ. ತಳದಲ್ಲಿ ಒಂದೇ ಬಗೆ ಹರಳಿದ್ರೆ ಒಂದು ಸ್ವಾತಂತ್ರ್ಯ ಉಳೀತದೆ, ಅಂದ್ರೆ ದ್ರಾವಣ ಒಂದು ಗೆರೆ ಮೇಲೆ ಆಚೀಚೆ ಓಡಾಡಬಹುದು. ಬ್ಲಾಕ್‌ಬೋರ್ಡ್ ಮೇಲೆ ಒಣ ಸೂತ್ರ ಅನ್ಸೋದು ಇಲ್ಲಿ ಬಾಟ್ಲಿಯೊಳಗೆ ಕಣ್ಣಿಗೆ ಕಾಣ್ತದೆ, ಮಕ್ಕಳಿಗೆ ಫೇಸ್ ರೂಲ್ ಕಲಿಸೋ ಮೇಷ್ಟ್ರುಗಳು ದಯವಿಟ್ಟು ಈ ಒಂದು ಬಾಟ್ಲಿ ಆದ್ರೂ ಮಾಡಿ ತೋರಿಸ್ಬೇಕು.

ಗ್ರಾಫ್ ಎಳೆಯೋದು

ಅಡ್ಡ ಗೆರೇಲಿ 100 ಗ್ರಾಂ ನೀರಿಗೆ ಅಡುಗೆ ಉಪ್ಪು ಎಷ್ಟು ಗ್ರಾಂ, ನಿಂತ ಗೆರೇಲಿ ಪೊಟ್ಯಾಸಿಯಂ ಕ್ಲೋರೈಡ್ ಎಷ್ಟು ಗ್ರಾಂ. 25 ಡಿಗ್ರಿಗೆ ಮೂರು ಚುಕ್ಕಿ ಇಡಿ: ಅಡ್ಡ ಗೆರೆ ಮೇಲೆ 36, ನಿಂತ ಗೆರೆ ಮೇಲೆ 35.5, ನಡುವೆ ಅಡ್ಡ 30 ನಿಂತ 16. ಅಡ್ಡ ಗೆರೆಯ 36ರಿಂದ ನಡು ಚುಕ್ಕಿಗೆ ಒಂದು ಗೆರೆ, ಅಲ್ಲಿಂದ ನಿಂತ ಗೆರೆಯ 35.5ಕ್ಕೆ ಇನ್ನೊಂದು. ನಿಜವಾದ್ದು ಸ್ವಲ್ಪ ಬಾಗಿರ್ತದೆ, ನಮ್ಮ ಕೆಲಸಕ್ಕೆ ನೇರ ಗೆರೆ ಸಾಕು. ಗೆರೆಯ ಒಳಗೆ, ಸೊನ್ನೆ ಕಡೆ ಇರೋದೆಲ್ಲ ಬರೀ ದ್ರಾವಣ. ಮೊದಲ ಗೆರೆ ಮೇಲೆ ಅಡುಗೆ ಉಪ್ಪಿನ ಹರಳು ಜೊತೆಗಿರ್ತದೆ, ಎರಡನೇದ್ರ ಮೇಲೆ ಪೊಟ್ಯಾಸಿಯಂದು. ಎರಡೂ ಸೇರೋ ಮೂಲೆ, ಅದೇ ಮೇಲೆ ಹೇಳಿದ ಬಾಟ್ಲಿ.

ಓದೋದು ಹೇಗೆ ಅಂದ್ರೆ, ನೀರು ಆವಿಯಾದ್ರೆ ಎರಡು ಉಪ್ಪಿನ ಅನುಪಾತ ಬದಲಾಗಲ್ಲ, ಹಾಗಾಗಿ ನಿಮ್ಮ ದ್ರಾವಣ ಸೊನ್ನೆಯಿಂದ ಹೊರಗೆ ಹೋಗೋ ಒಂದು ನೇರ ಗೆರೆ ಮೇಲೆ ಸರೀತಾ ಹೋಗ್ತದೆ. ಆ ಗೆರೆ ಮೊದ್ಲು ಯಾವ ಗಡಿಗೆ ತಾಗ್ತದೋ ಆ ಉಪ್ಪು ಮೊದ್ಲು ಹರಳಾಗ್ತದೆ. ತಾಗಿದ ಮೇಲೆ ದ್ರಾವಣ ಗಡಿ ಮೇಲೇ ಮೂಲೆ ಕಡೆ ನಡೀತದೆ, ಮೂಲೆಗೆ ಬಂದ ಮೇಲೆ ಎರಡೂ ಒಟ್ಟಿಗೆ ಬೀಳೋಕೆ ಶುರು, ನೀರು ಪೂರ್ತಿ ಮುಗಿಯೋ ತನಕ ಅಲ್ಲೇ.

ಒಂದು ಲೆಕ್ಕ ಮಾಡೋಣ. 85 ಗ್ರಾಂ ಅಡುಗೆ ಉಪ್ಪು, 15 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಬೆರಕೆ ಇದೆ, ಜಾಸ್ತಿ ನೀರಲ್ಲಿ ಕರಗ್ಸಿ ಬಿಸಿಲಿಗೆ ಇಟ್ರಿ. ಗ್ರಾಫಲ್ಲಿ ಆ ಗೆರೆ ಗಡಿಗೆ ತಾಗೋದು ಅಡುಗೆ ಉಪ್ಪು 34, ಪೊಟ್ಯಾಸಿಯಂ 6 ಇರೋ ಕಡೆ, ಅಂದ್ರೆ ನೀರು ಸುಮಾರು 250 ಗ್ರಾಂಗೆ ಇಳಿದಾಗ ಅಡುಗೆ ಉಪ್ಪಿನ ಮೊದಲ ಹರಳು. ಪೊಟ್ಯಾಸಿಯಂ ಯಾವಾಗ ಬೀಳೋಕೆ ಶುರು? ದ್ರಾವಣ ಮೂಲೆಗೆ ಬಂದಾಗ, ಅಂದ್ರೆ 100 ಗ್ರಾಂ ನೀರಿಗೆ ಪೊಟ್ಯಾಸಿಯಂ 16 ಆದಾಗ. ನಮ್ಮತ್ರ ಇರೋದು 15, ಹಾಗಾಗಿ ನೀರು 94 ಗ್ರಾಂ ಉಳಿದಾಗ. ಆ ನೀರಲ್ಲಿ ಅಡುಗೆ ಉಪ್ಪು 28 ಗ್ರಾಂ ಕರಗಿ ನಿಂತಿರ್ತದೆ. 85ರಲ್ಲಿ 28 ಕಳೆದ್ರೆ 57 ಗ್ರಾಂ. ಅಷ್ಟು ಅಡುಗೆ ಉಪ್ಪು ಪೊಟ್ಯಾಸಿಯಂ ಬೆರಕೆ ಇಲ್ದೆ ಸಿಗ್ತದೆ, 94ರ ಮುಂಚೆ ಸೋಸಿದ್ರೆ ಮಾತ್ರ! ರೂಮಿನ ಬಿಸಿಗೆ ಈ ಎರಡು ಹರಳು ಒಂದರೊಳಗೊಂದು ಬೆರೆಯೋದಿಲ್ಲ ಅನ್ನೋದು ನಮ್ಮ ಅದೃಷ್ಟ, ಹರಳಿಗೆ ಅಂಟಿದ ನೀರು ಮಾತ್ರ ಕೊಳೆ.

ಬಿಸಿ ಮಾಡಿ ತಣಿಸಿ ಬೇರೆ ಮಾಡೋದು

ಅದೇ ಶೀಟಲ್ಲಿ 100 ಡಿಗ್ರಿಯ ಗಡಿಯನ್ನೂ ಎಳೀರಿ: ಅಡುಗೆ ಉಪ್ಪು ಒಂಟಿ 39, ಪೊಟ್ಯಾಸಿಯಂ ಒಂಟಿ 56, ಮೂಲೆ ಸುಮಾರು 27 ಮತ್ತು 35. ನೋಡಿ, ಬಿಸಿ ಏರಿದಾಗ ಮೂಲೆ ಮೇಲಕ್ಕೆ ಹೋಗಿದೆ, ಜೊತೆಗೆ ಎಡಕ್ಕೂ ಸರಿದಿದೆ. ಒಂಟಿಯಾಗಿ ಬಿಸೀಲಿ ಜಾಸ್ತಿ ಕರಗೋ ಅಡುಗೆ ಉಪ್ಪು, ಪೊಟ್ಯಾಸಿಯಂ ಜೊತೆ ಮೂಲೇಲಿ ಇದ್ದಾಗ ಬಿಸೀಲಿ ಕಡಿಮೆ ಕರಗ್ತದೆ. ನನ್ಗೆ ಈ ವಿಷ್ಯದಲ್ಲಿ ಎಲ್ಲಕ್ಕಿಂತ ಚಂದ ಕಾಣೋದು ಇದೇ ಸರಿದಾಟ, ಒಂಟಿ ಉಪ್ಪಿನ ಟೇಬಲ್ ನೋಡಿ ಯಾರೂ ಇದನ್ನ ಊಹಿಸೋಕೆ ಆಗಲ್ಲ.

ಮಾಡಿ ನೋಡಿ: 100 ಗ್ರಾಂ ನೀರು, 25 ಗ್ರಾಂ ಅಡುಗೆ ಉಪ್ಪು, 32 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, ಕುದಿ ಬರೋ ತನಕ ಬಿಸಿ ಮಾಡಿದ್ರೆ ಎಲ್ಲ ಕರಗ್ತದೆ. ಪಾತ್ರೆ ಸಮೇತ ಮೊದ್ಲೇ ತೂಕ ಮಾಡಿಟ್ಕೊಳ್ಳಿ, ಕರಗಿದ ಮೇಲೆ ಮತ್ತೆ ತೂಕ ಮಾಡಿ ಆವಿಯಾದಷ್ಟು ನೀರು ವಾಪಸ್ ಹಾಕಿ, ಇದನ್ನ ಬಿಡ್ಬೇಡಿ, ಯಾಕಂದ್ರೆ ನೀರು 84 ಗ್ರಾಂಗಿಂತ ಕೆಳಗೆ ಹೋದ್ರೆ ತಣಿದಾಗ ಅಡುಗೆ ಉಪ್ಪೂ ಬೀಳ್ತದೆ. ಮುಚ್ಚಿ ತಣಿಯೋಕೆ ಬಿಡಿ. 30 ಡಿಗ್ರಿಗೆ ಬಂದಾಗ ಹತ್ತು ಹನ್ನೆರಡು ಗ್ರಾಂ ಹರಳು ತಳದಲ್ಲಿ ಕೂತಿರ್ತದೆ, ಎಲ್ಲ ಪೊಟ್ಯಾಸಿಯಂ ಕ್ಲೋರೈಡೇ, ಅಡುಗೆ ಉಪ್ಪು ಪೂರ್ತಿ ಮೇಲಿನ ನೀರಲ್ಲೇ. ಸೋಸಿದ ಆ ನೀರಿಗೇ ಮತ್ತೆ ಬೆರಕೆ ಉಪ್ಪು ಹಾಕಿ ಕಾಯಿಸಿದ್ರೆ ಬಿಸೀಲಿ ಪೊಟ್ಯಾಸಿಯಂ ಕರಗ್ತದೆ, ಅಡುಗೆ ಉಪ್ಪು ಹೆಚ್ಚಿನಂಶ ಕರಗದೆ ಉಳೀತದೆ, ಬಿಸಿಬಿಸಿ ಸೋಸಿ ತಣಿಸಿ, ಹೀಗೇ ಚಕ್ರ. ಗಣಿಯಿಂದ ಬರೋ, ಈ ಎರಡೂ ಉಪ್ಪು ಬೆರೆತ ಸಿಲ್ವಿನೈಟ್ ಕಲ್ಲಿಂದ ಪೊಟ್ಯಾಷ್ ತೆಗೆಯೋ ಹಳೇ ದಾರಿ ಇದೇ. ನಮ್ಮ ದೇಶಕ್ಕೆ ಎಂಓಪಿ ಬರೋದು ಹೊರಗಿಂದ್ಲೇ, ಶಿರಸಿ ಸಿದ್ದಾಪುರದ ತೋಟಕ್ಕೆ ಬೀಳೋದೂ ಅದೇ.

ಹರಳು ಯಾವ್ದು ಅಂತ ನೋಡೋಕೆ ಶುದ್ಧ ತಂತಿ ತುದಿಗೆ ಸ್ವಲ್ಪ ಅಂಟಿಸಿ ಗ್ಯಾಸ್ ಉರೀಲಿ ಹಿಡೀರಿ, ಸೋಡಿಯಂ ಕಡು ಹಳದಿ, ಪೊಟ್ಯಾಸಿಯಂ ತಿಳಿ ನೇರಳೆ. ಒಂಚೂರು ಸೋಡಿಯಂ ಇದ್ರೂ ಹಳದಿ ಎಲ್ಲ ಮುಚ್ಚಿಬಿಡ್ತದೆ, ಅದಕ್ಕೆ ಲ್ಯಾಬಿನ ನೀಲಿ ಕೋಬಾಲ್ಟ್ ಗಾಜಿನ ಮೂಲಕ ನೋಡ್ಬೇಕು.

ಸಮುದ್ರದ ನೀರು: ಐದು ಘಟಕದ ಆಟ

ಇನ್ನು ನಿಜವಾದ ಬೆರಕೆ. ಒಂದು ಕೆಜಿ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು. ಸಮುದ್ರ ಸಂಶೋಧನೆಗೆ ಹೋಗಿದ್ದ ಚಾಲೆಂಜರ್ ಹಡಗು ತಂದ ನೀರಿನ ಮಾದರಿಗಳನ್ನ ಪರೀಕ್ಷೆ ಮಾಡಿ ಡಿಟ್ಮಾರ್ ಅನ್ನೋ ಕೆಮಿಸ್ಟ್ 1884ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಅದ್ರಲ್ಲಿ ಸೋಡಿಯಂ ಕ್ಲೋರೈಡ್ 27.2, ಮೆಗ್ನೀಸಿಯಂ ಕ್ಲೋರೈಡ್ 3.8, ಮೆಗ್ನೀಸಿಯಂ ಸಲ್ಫೇಟ್ 1.7, ಕ್ಯಾಲ್ಸಿಯಂ ಸಲ್ಫೇಟ್ 1.3, ಪೊಟ್ಯಾಸಿಯಂ ಸಲ್ಫೇಟ್ 0.9, ಉಳಿದದ್ದು ಚಿಲ್ಲರೆ. ನೀರಲ್ಲಿ ಇರೋದು ಅಯಾನುಗಳು ಮಾತ್ರ, ಈ ಜೋಡಿಗಳು ಕಾಗದದ ಮೇಲಿನ ಅನುಕೂಲ, ಯಾವ ಜೋಡಿ ನಿಜವಾಗಿ ಹರಳಾಗ್ತದೆ ಅಂತ ತೀರ್ಮಾನ ಮಾಡೋದು ಸಮತೋಲ.

ನೀರು ತರೋದು ಮಾರ್ಚ್ ಏಪ್ರಿಲಲ್ಲಿ, ಭರತದ ಹೊತ್ತಿಗೆ, ಕಾಳಿ ಗಂಗಾವಳಿ ಅಘನಾಶಿನಿ ಶರಾವತಿ ಯಾವ ಅಳಿವೆಯಿಂದ್ಲೂ ದೂರದಲ್ಲಿ. ಬೋಮೆ ಮೀಟರ್ ಇಳಿಸಿದ್ರೆ 3.5 ತೋರಿಸ್ಬೇಕು. 2 ತೋರ್ಸಿದ್ರೆ ಹೊಳೆ ನೀರು ಸೇರಿದೆ, ಮಳೆಗಾಲದಲ್ಲಂತೂ ಅಳಿವೆ ಹತ್ರ ಕೇಳೋದೇ ಬೇಡ. 10 ಲೀಟರ್ ತಂದು ಬಟ್ಟೇಲಿ ಸೋಸಿ ಅಗಲ ಟ್ರೇಗಳಲ್ಲಿ ಬಿಸಿಲಿಗೆ ಇಡಿ. ಮೀಟರ್ ಓದೋದು ಯಾವಾಗ್ಲೂ ನೆರಳಲ್ಲಿ ತಣಿದ ಮೇಲೆ, ಬಿಸಿ ನೀರು ಹಗುರ, ಕಡಿಮೆ ತೋರಿಸ್ತದೆ.

10 ಲೀಟರ್ 5 ಲೀಟರ್ ಆಗೋ ಹೊತ್ತಿಗೆ ಬಿಳಿ ಪೊರೆ ತರ ಕ್ಯಾಲ್ಸಿಯಂ ಕಾರ್ಬೊನೇಟ್, ಒಂದು ಗ್ರಾಂ ಆಸುಪಾಸು, ಕಂಡ್ರೆ ಕಂಡ್ತು. 2 ಲೀಟರ್ ಹತ್ರ ಬಂದಾಗ, ಬೋಮೆ 13ರಿಂದ 15ರ ನಡುವೆ, ಸೂಜಿ ತರದ ಹರಳು ಶುರುವಾಗ್ತದೆ, ಅದು ಜಿಪ್ಸಂ. ಇಲ್ಲೊಂದು ವಿಚಿತ್ರ. ಜಿಪ್ಸಂ ಶುದ್ಧ ನೀರಲ್ಲಿ ಲೀಟರಿಗೆ ಎರಡೂವರೆ ಗ್ರಾಂ ಅಷ್ಟೇ ಕರಗೋದು, ಆದ್ರೆ ಗಟ್ಟಿ ಉಪ್ಪುನೀರಲ್ಲಿ ಅದ್ರ ಮೂರು ಪಟ್ಟಿನ ಹತ್ರ ಕರಗ್ತದೆ. ಮೇಲೆ ಒಂದು ಉಪ್ಪು ಇನ್ನೊಂದನ್ನ ತಳ್ಳಿತು ಅಂದ್ನಲ್ಲ, ಇಲ್ಲಿ ಉಲ್ಟಾ, ಸೋಡಿಯಂ ಕ್ಲೋರೈಡಿಗೂ ಜಿಪ್ಸಂಗೂ ಸಮಾನ ಅಯಾನು ಯಾವ್ದೂ ಇಲ್ಲ, ಸುತ್ತ ತುಂಬಿದ ಬೇರೆ ಅಯಾನುಗಳು ಕ್ಯಾಲ್ಸಿಯಂ ಮತ್ತು ಸಲ್ಫೇಟನ್ನ ಒಂದಕ್ಕೊಂದು ಸಿಗದ ಹಾಗೆ ಮರೆಮಾಡ್ತವೆ. ಹೀಗಾಗಿ ಪಿಯುಸಿಯ ಸಾಲ್ಯುಬಿಲಿಟಿ ಪ್ರಾಡಕ್ಟ್ ಲೆಕ್ಕಾನ ಅಯಾನುಗಳ ಚಟುವಟಿಕೆ ತಿದ್ದದೆ ಇಲ್ಲಿ ಹಾಕಿದ್ರೆ ಉತ್ತರ ತಪ್ಪು ಬರ್ತದೆ.

1 ಲೀಟರಿಗಿಂತ ಸ್ವಲ್ಪ ಕಡಿಮೆ ಆದಾಗ ಬೋಮೆ 25.5. ಈಗ ಉಪ್ಪು. ಇದಕ್ಕೆ ಮುಂಚೆ, 24 ದಾಟಿದ ಕೂಡ್ಲೆ, ತಿಳಿನೀರನ್ನ ಬೇರೆ ಟ್ರೇಗೆ ಬಗ್ಗಿಸ್ಕೊಳ್ಳಿ, ಜಿಪ್ಸಂ ಹಳೇ ಟ್ರೇಲೇ ಉಳೀಲಿ. ಆಗರದಲ್ಲಿ ನೀರನ್ನ ಒಂದು ಕಟ್ಟೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಹರಳಿನ ಪಾತಿಗೆ ಅಂತ ಬಿಡ್ತಾ ಹೋಗೋದು ಇದೇ ಕಾರಣಕ್ಕೆ, ಅದು ಗದ್ದೆ ಮೇಲೆ ಬರೆದ ಫೇಸ್ ಡಯಾಗ್ರಾಂ, ಅಂದ್ರೆ ನಾವು ಎಳೆದಂಥ ಗ್ರಾಫ್. 1930ರ ಏಪ್ರಿಲ್ 13ಕ್ಕೆ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಕಾನೂನು ಮುರಿದು ಉಪ್ಪು ಮಾಡಿದ್ರಲ್ಲ, ಆ ಹಿಡಿ ಉಪ್ಪಿನ ಹಿಂದೂ ಇಂಥದೇ ಲೆಕ್ಕ ಇರ್ತದೆ, ಹತ್ತು ಪಾಲು ಸಮುದ್ರದ ನೀರಲ್ಲಿ ಒಂಬತ್ತು ಪಾಲು ಹೋಗೋ ತನಕ ಮೊದಲ ಕಾಳು ಬರೋದಿಲ್ಲ.

25.5ರಿಂದ 29 ಅಥವಾ 30ರ ತನಕ ಬೀಳೋದು ಬಹುತೇಕ ಸೋಡಿಯಂ ಕ್ಲೋರೈಡು. 10 ಲೀಟರಲ್ಲಿ ಇರೋ ಸುಮಾರು 280 ಗ್ರಾಂನಲ್ಲಿ ಮುಕ್ಕಾಲು ಭಾಗ ಇಷ್ಟರೊಳಗೆ ಸಿಗ್ತದೆ, ನೀರು 300 ಮಿಲೀಗೆ ಇಳಿದಿರ್ತದೆ. ಈ ಕ್ರಮಾನ ಫ್ರಾನ್ಸಿನ ಉಸಿಗ್ಲಿಯೊ ಮೆಡಿಟರೇನಿಯನ್ ನೀರು ಆವಿ ಮಾಡಿ 1849ರಲ್ಲೇ ಹಂತ ಹಂತವಾಗಿ ತೂಕ ಮಾಡಿ ಬರೆದಿಟ್ಟಿದ್ದಾರೆ, ನಿಮ್ಮ ಟ್ರೇಲಿ ಬರೋದೂ ಹೆಚ್ಚುಕಡಿಮೆ ಅದೇ. ಇಲ್ಲಿ ನಿಲ್ಲಿಸಿ. ಇನ್ನೂ ಸ್ವಲ್ಪ ಸಿಗ್ಲಿ ಅಂತ ಕಾದ್ರೆ ಮೆಗ್ನೀಸಿಯಂ ಸಲ್ಫೇಟು, ಆಮೇಲೆ ಪೊಟ್ಯಾಸಿಯಂ ಮೆಗ್ನೀಸಿಯಂ ಜೋಡಿ ಉಪ್ಪುಗಳು ಬರೋಕೆ ಶುರು, ಉಪ್ಪು ಕಹಿಯಾಗ್ತದೆ.

ಉಳಿದ ಕಹಿನೀರು ಎಸೀಬೇಡಿ, ನೋಡೋ ಕುತೂಹಲ ಇದ್ರೆ ಅದೇ ದೊಡ್ಡ ಖಜಾನೆ. ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಲೋರೈಡ್, ಸಲ್ಫೇಟ್, ನೀರು, ಹೆಸ್ರು ಆರಿದ್ರೂ ಅಯಾನುಗಳ ಧನ ಋಣ ಚಾರ್ಜು ಸಮ ಇರ್ಲೇಬೇಕಾದ್ರಿಂದ ಒಂದು ಕಮ್ಮಿಯಾಗಿ ಲೆಕ್ಕಕ್ಕೆ ಐದು ಘಟಕ, ಒಂದೇ ಹೊತ್ತಿಗೆ ನಾಲ್ಕು ಬಗೆ ಹರಳಿನ ಜೊತೆ ನಿಲ್ಲಬಲ್ಲ ದ್ರಾವಣ. ಜರ್ಮನಿಯ ಸ್ಟಾಸ್‌ಫರ್ಟ್ ಉಪ್ಪಿನ ಪದರ ಹೇಗಾಯ್ತು ಅಂತ ತಿಳಿಯೋಕೆ ವಾಂಟ್ ಹಾಫ್, 1901ರ ಮೊದಲ ಕೆಮಿಸ್ಟ್ರಿ ನೊಬೆಲ್ ಪಡೆದೋರು, ಬರ್ಲಿನಲ್ಲಿ ವರ್ಷಗಟ್ಟಲೆ ಕೂತು ಬಿಡಿಸಿದ್ದು ಇದನ್ನೇ. ಇದ್ರಲ್ಲಿ ಕಾರ್ನಲೈಟ್ ಅಂತೊಂದು ಜೋಡಿ ಉಪ್ಪಿದೆ, ಪೊಟ್ಯಾಸಿಯಂ ಕ್ಲೋರೈಡು ಮೆಗ್ನೀಸಿಯಂ ಕ್ಲೋರೈಡು ನೀರು ಸೇರಿ ಆದ ಹರಳು, ಅದಕ್ಕೆ ಸ್ವಲ್ಪ ನೀರು ಹಾಕಿದ್ರೆ ಅದು ಹಾಗೇ ಕರಗೋದಿಲ್ಲ, ಮೆಗ್ನೀಸಿಯಂ ನೀರಿಗೆ ಹೋಗಿ ಪೊಟ್ಯಾಸಿಯಂ ಕ್ಲೋರೈಡ್ ಹರಳು ಹಿಂದೆ ಉಳೀತದೆ. ಭಾವನಗರದಲ್ಲಿ 1954ರಿಂದ ಇರೋ ಕೇಂದ್ರ ಉಪ್ಪು ಮತ್ತು ಸಮುದ್ರ ರಾಸಾಯನಿಕಗಳ ಸಂಶೋಧನಾ ಸಂಸ್ಥೆ ಕಹಿನೀರಿಂದ ಪೊಟ್ಯಾಷ್ ತೆಗೆಯೋ ಕೆಲಸ ಮಾಡಿದೆ.

ಆದ್ರೆ ನಮ್ಮ ಕರಾವಳಿ ಗಾಳೀಲಿ ಕಹಿನೀರು ಬಿಸಿಲಿಗೆ ಪೂರ್ತಿ ಒಣಗೋದಿಲ್ಲ, ಎಷ್ಟು ದಿನ ಇಟ್ರೂ. ಗಾಳಿಯ ತೇವವೂ ಈ ಸಮತೋಲದ ಒಂದು ಭಾಗ. ಸ್ಯಾಚುರೇಟೆಡ್ ಅಡುಗೆ ಉಪ್ಪಿನ ನೀರು ಗಾಳಿಯ ತೇವ 75 ಪರ್ಸೆಂಟಿಗಿಂತ ಕಡಿಮೆ ಇದ್ರೆ ಮಾತ್ರ ಆರೋದು, ಮೆಗ್ನೀಸಿಯಂ ಕ್ಲೋರೈಡ್ ಹರಳು ಆಗ್ಬೇಕಾದ್ರೆ ತೇವ 33ಕ್ಕಿಂತ ಕೆಳಗಿರ್ಬೇಕು. ಕಡಲ ತೀರದಲ್ಲಿ ಅಂಥ ಒಣ ಗಾಳಿ ಎಲ್ಲಿಂದ ಬರ್ಬೇಕು ಹೇಳಿ.

ಭರಣಿ ಯಾಕೆ ನೀರು ಬಿಡ್ತದೆ, ಏನು ಮಾಡ್ಬೇಕು

ಅದೇ ಲೆಕ್ಕ ತಿರುಗಿಸಿ ಓದಿ. ಶುದ್ಧ ಅಡುಗೆ ಉಪ್ಪು ತೇವ 75 ದಾಟಿದ ಮೇಲೇ ನೀರಾಗೋದು. ಕಹಿನೀರು ಅಂಟಿದ ಉಪ್ಪು 33 ದಾಟಿದ್ರೆ ಸಾಕು, ಅಂದ್ರೆ ಇಲ್ಲಿ ವರ್ಷ ಪೂರ್ತಿ. ಬೆರಕೆ ಉಪ್ಪು ತೇವ ಎಳೆಯೋ ಮಟ್ಟ ಬೆರೆತ ಯಾವ ಒಂದೊಂದು ಉಪ್ಪಿಗಿಂತ್ಲೂ ಕೆಳಗೇ ಇರ್ತದೆ, ಗ್ರಾಫಿನ ಮೂಲೇಲಿ ನೀರು ಎಲ್ಲಕ್ಕಿಂತ ಜಾಸ್ತಿ ಉಪ್ಪು ಹಿಡ್ಕೊಂಡಿರೋದ್ರಿಂದ. ಶಿರಸಿಯ ಆಷಾಢದಲ್ಲಿ ಗಾಳಿ ತೇವ 90 ಇದ್ದಾಗ ಎಷ್ಟು ಶುದ್ಧ ಇದ್ರೂ ಭರಣಿ ಬಿಗಿ ಮುಚ್ಚದೆ ಬೇರೆ ಉಪಾಯ ಇಲ್ಲ.

ಹಳ್ಳು ಉಪ್ಪು ಕಹಿ ಅನ್ಸಿದ್ರೆ, ಮಿಡಿ ಉಪ್ಪಿನಕಾಯಿಗೆ ಹಾಕೋ ಮುಂಚೆ ತೊಳೀಬಹುದು, ಆದ್ರೆ ಬರೀ ನೀರಲ್ಲಿ ಅಲ್ಲ, ಉಪ್ಪು ಕರಗಿ ಹೋಗ್ತದೆ. 100 ಗ್ರಾಂ ನೀರಿಗೆ 36 ಗ್ರಾಂ ಒಳ್ಳೆ ಉಪ್ಪು ಕರಗ್ಸಿ ಆ ನೀರಲ್ಲಿ ತೊಳೀರಿ. ಅದು ಅಡುಗೆ ಉಪ್ಪಿಗೆ ಮೊದ್ಲೇ ಸ್ಯಾಚುರೇಟೆಡ್, ಅದನ್ನ ಕರಗಿಸೋ ಶಕ್ತಿ ಇಲ್ಲ, ಮೆಗ್ನೀಸಿಯಂಗೆ ಮಾತ್ರ ಜಾಗ ಇದೆ. ಎರಡು ಸಲ ತೊಳೆದು ಬಿದಿರು ಬುಟ್ಟೀಲಿ ಸೋರೋಕೆ ಬಿಟ್ಟು ಬಿಸಿಲಿಗೆ ಹರಡಿ. ಆಗರದಲ್ಲಿ ಉಪ್ಪನ್ನ ರಾಶಿ ಹಾಕಿ ಬಿಡೋದ್ರಿಂದ್ಲೂ ಕಹಿನೀರು ತಾನಾಗೇ ಇಳಿದು ಹೋಗ್ತದೆ.

ಲ್ಯಾಬ್ ಇರೋರಿಗೆ ಇನ್ನೆರಡು ಮಾತು

ಒಣಗಿಸಿ ತೂಕ ಮಾಡಿದ್ರೆ ಒಟ್ಟು ಉಪ್ಪು ಗೊತ್ತಾಗ್ತದೆ, ಯಾವ್ದು ಎಷ್ಟು ಅಂತ ಅಲ್ಲ. ಸಿಲ್ವರ್ ನೈಟ್ರೇಟ್ ಟೈಟ್ರೇಷನ್ ಮಾಡಿ ಕ್ಲೋರೈಡ್ ಪರ್ಸೆಂಟ್ ತೆಗೀರಿ, ಅಡುಗೆ ಉಪ್ಪಲ್ಲಿ 60.7, ಪೊಟ್ಯಾಸಿಯಂ ಕ್ಲೋರೈಡಲ್ಲಿ 47.6. ಮೂಲೆಯ ದ್ರಾವಣ ಒಣಗಿಸಿದ ಪುಡೀಲಿ 56.1 ಬಂತು ಅನ್ಕೊಳ್ಳಿ, 47.6 ಕಳೆದು 13.1ರಿಂದ ಭಾಗಿಸಿದ್ರೆ 0.65, ಅಂದ್ರೆ 65 ಪರ್ಸೆಂಟ್ ಅಡುಗೆ ಉಪ್ಪು, 46ರಲ್ಲಿ 30 ಅಂದ್ರೂ ಅದೇ. ಇಂಡಿಕೇಟರಾಗಿ ಹಾಕೋ ಪೊಟ್ಯಾಸಿಯಂ ಕ್ರೋಮೇಟ್ ವಿಷ, ಗ್ಲೌಸ್ ಹಾಕ್ಕೊಳ್ಳಿ, ಸಿಂಕಿಗೆ ಸುರೀಬೇಡಿ.

ಹರಳು ಪೂರ್ತಿ ಒಣಗಿಸಿ ಶುದ್ಧವೋ ಅಂತ ನೋಡೋ ಕಷ್ಟ ಬೇಡ, ಒದ್ದೆ ಹರಳನ್ನೇ ಪರೀಕ್ಷೆ ಮಾಡಿ. ಡಚ್ ಕೆಮಿಸ್ಟ್ ಶ್ರೈನ್‌ಮೇಕರ್ಸ್ 1893ರಲ್ಲಿ ಹೇಳಿಕೊಟ್ಟ ಉಪಾಯ ಇದು. ಒದ್ದೆ ಹರಳಲ್ಲಿ 100 ಗ್ರಾಂ ನೀರಿಗೆ ಅಡುಗೆ ಉಪ್ಪು ಮೇಲಿನ ದ್ರಾವಣದಲ್ಲಿ ಇದ್ದಷ್ಟೇ ಇದ್ದು ಪೊಟ್ಯಾಸಿಯಂ ಮಾತ್ರ ಏರಿದ್ರೆ, ಆ ಘನ ಬರೀ ಪೊಟ್ಯಾಸಿಯಂ ಕ್ಲೋರೈಡ್. ನಮ್ಮ ಗ್ರಾಫಲ್ಲಿ ಅದು ದ್ರಾವಣದ ಚುಕ್ಕಿಯಿಂದ ನೆಟ್ಟಗೆ ಮೇಲಕ್ಕೆ ಹೋದ ಗೆರೆ.

ಸಮುದ್ರದ ನೀರಿನ ಐದು ಘಟಕ ಕೈಲಿ ಲೆಕ್ಕ ಹಾಕೋಕೆ ಆಗಲ್ಲ, ಅದಕ್ಕೆ ಅಮೆರಿಕದ ಭೂವೈಜ್ಞಾನಿಕ ಸರ್ವೇ ಕೊಡೋ ಪಿಎಚ್‌ರೀಕ್ಸಿ ಅನ್ನೋ ಫ್ರೀ ಸಾಫ್ಟ್‌ವೇರ್ ಇದೆ. ಅದ್ರ ಜೊತೆ ಬರೋ ಡೇಟಾಬೇಸುಗಳಲ್ಲಿ ಪಿಟ್ಜರ್ ಅನ್ನೋದನ್ನೇ ಆರಿಸಿ, ಬೇರೆವು ತೆಳು ನೀರಿಗೆ ಸರಿ, ಗಟ್ಟಿ ಉಪ್ಪುನೀರಿಗೆ ನಂಬೋ ಹಾಗಿಲ್ಲ. ಸಮುದ್ರದ ನೀರಿನ ಅಂಕಿ ಕೊಟ್ಟು ಹಂತ ಹಂತವಾಗಿ ನೀರು ತೆಗೀತಾ ಹೋಗಿ, ಜಿಪ್ಸಂ ಯಾವಾಗ, ಉಪ್ಪು ಯಾವಾಗ ಅಂತ ಅದು ತೋರಿಸೋದನ್ನ ನಿಮ್ಮ ಟ್ರೇ ಜೊತೆ ಹೋಲಿಸಿ.

ಕೆಲಸ ಮುಗಿದ ಮೇಲೆ ಉಳಿದ ಉಪ್ಪುನೀರನ್ನ ಅಡಕೆ ಬುಡಕ್ಕೋ ತೆಂಗಿನ ಬುಡಕ್ಕೋ ಹಾಕ್ಬೇಡಿ, ಪೊಟ್ಯಾಷ್ ಇದೆಯಲ್ಲ ಅಂತ ಆಸೆ ಪಟ್ರೂ ಜೊತೇಲಿ ಅದಕ್ಕಿಂತ ಜಾಸ್ತಿ ಸೋಡಿಯಂ ಇದೆ, ಬಾವಿ ಹತ್ರವೂ ಸುರೀಬೇಡಿ. ಸಮುದ್ರದ ನೀರಿಂದ ಬಂದ ಕಹಿನೀರನ್ನ ಸಮುದ್ರಕ್ಕೇ ಬಿಡಿ, ಗೊಬ್ಬರದ್ದನ್ನ ಒಣಗಿಸಿ ಹರಳು ಮಾಡಿ ಡಬ್ಬೀಲಿ ತುಂಬಿಡಿ, ಮುಂದಿನ ಸಲ ಅದೇ ಬೆರಕೆ ಉಪ್ಪಿಂದ್ಲೇ ಬಿಸಿ ತಣಿಸೋ ಪ್ರಯೋಗ ಶುರು ಮಾಡಬಹುದು.